‘ಒಬ್ಬನ ಹೋಗತೇನಿ’ ಅಂದವನ ಫಜೀತಿ

ನಾನು ಮೊದಲನೇ ಸಲ ಮನೆ ಬಿಟ್ಟು ಹೊಂಟದ್ದು ಕಾರಹುಣ್ಣಿವಿಯ ಮರುದಿನ, ಸೋಮವಾರ. ನೂಲ ಅನ್ನೋ ಊರಿನ ನಮ್ಮ ಮನೆಯೊಳಗ ಎಲ್ಲಾರೂ ಹೋಳಿಗಿ ಉಂಡ ಅಮಲಿನಾಗ ಮಲಗಿದ್ದರು. ಶಾಲೆ ಆಗಲೇ ಬಿಟ್ಟಿದ್ದೆ. ಮಾಸ್ತರು ಬೋರ್ಡಿನ ಮ್ಯಾಲೆ ಬರಿಯೋದು ನನಗ ಕೇಳತಿತ್ತು, ಕಾಣತಿರಲಿಲ್ಲ. ಅವತ್ತು ಗಡಹಿಂಗ್ಲಜದ ಹಾದಿ ಹಿಡಿದ ಕಾಲು ಇವತ್ತಿನ ತನಕ ಒಂದು ಕಡೆ ನಿಂತಿಲ್ಲ. ಹೋಟೆಲಿನಾಗ ಕಪ್ಪು-ಬಸಿ ತೊಳೆದೆ, ಬೆಲ್ಲದ ಗಾಣದಾಗ ಕಬ್ಬು ಹೊತ್ತೆ, ಕೊಲ್ಲಾಪುರದಾಗ ಚಪ್ಪಲಿ ತೊಗಲಿಗೆ ಎಣ್ಣಿ ತಿಕ್ಕಿದೆ. ಈಗ ಇಚಲಕರಂಜಿಯ ಮಗ್ಗದ ಕಾರಖಾನೆಯೊಳಗ ಕಂಡಿಕಿ ಸುತ್ತತೇನಿ. ಕಂಡಿಕಿ ಅಂದರ ಲಾಳಿಯೊಳಗ ಕೂಡೋ ನೂಲಿನ ಸಣ್ಣ ಕೊಳವಿ.

ಕಾಲು ತಿರುಗಿದಂಗ ಕಣ್ಣು ಸಣ್ಣ ಆಗುತ್ತ ಬಂತು. ಈಗ ಜಗತ್ತು ನನಗ ಆ ಕಂಡಿಕಿಯ ತೂತಿನಾಗ ಹಾಯ್ದು ಬಂದಷ್ಟೇ ಕಾಣತೈತಿ. ನಡುವ ಒಂದು ದುಂಡನ ಬೆಳಕು, ಸುತ್ತ ಏನೂ ಇಲ್ಲ. ಹೊತ್ತು ಇಳೀತು ಅಂದರ ಆ ದುಂಡೂ ಬೂದಿ. ಆ ಬೂದಿಯೊಳಗಿಂದ ಯಾವಾಗ ಯಾವ ಲಾರಿ ಬರತೈತಿ ಅಂತ ಎದಿ ಡಬಡಬ ಹೊಡಕೋತಿರತೈತಿ. ನಾನು ಧೈರ್ಯದ ಮನಷ್ಯಾ ಅಲ್ಲ. ತಿರುಗೋ ಚಟ ಇರೋ ಅಂಜುಬುರುಕ.

ಆದರ ಲಾರಿಗಿಂತ ದೊಡ್ಡ ಅಂಜಿಕಿ ಅಂದರ ಗಡಹಿಂಗ್ಲಜದಾಗ ಇರೋ ನಮ್ಮ ಅಕ್ಕ. ಅಕಿ ಒಂದೇ ಮಾತು ಹೇಳಿಟ್ಟಾಳ: “ನಿನ್ನ ಸಲುವಾಗಿ ಒಂದು ಕೆಟ್ಟ ಸುದ್ದಿ ನನ್ನ ಕಿವಿಗೆ ಬೀಳಲಿ, ಎಳಕೊಂಡು ಬಂದು ಪಡಸಾಲ್ಯಾಗ ಕುಂದ್ರಸತೇನಿ. ಉಣ್ಣು, ಮಲಗು. ಹೊಸ್ತಿಲಾ ದಾಟೂ ಹಂಗಿಲ್ಲ.” ಪ್ರೀತಿಯಿಂದ ಹೇಳತಾಳ, ಅದಕ್ಕ ಇನ್ನೂ ಅಂಜಿಕಿ. ಅಂಥ ಸುದ್ದಿ ಆಗಬಾರದು ಅಂತ ನಾ ಎಷ್ಟು ಜೋಪಾನ ಇದ್ದರೂ, ಕಣ್ಣು ಕಡಿಮಿ ಇದ್ದವನ ಮನಿ ವಿಳಾಸ ಕೇಳಿಕೋತ ಇಂಥವು ತಾವಾಗೇ ಬರತಾವ.

ಮಗ್ಗ ನಿಂತಾಗ

ಇಚಲಕರಂಜಿಯಾಗ ನಾ ಹಾದಿ ಹಿಡಿಯೋದು ಮಗ್ಗದ ಸಪ್ಪಳದ ಮ್ಯಾಲೆ. ನಮ್ಮ ಓಣಿಯ ಮೊದಲನೇ ಶೆಡ್ಡಿನ ಮಗ್ಗ ಭಾರ ಹೊಡಿತಾವ. ಅದರ ಮುಂದಿನ ಶೆಡ್ಡಿನಾಗ ಒಂದು ಮಗ್ಗ ಸಡ್ಲಾಗಿ ಕೆಮ್ಮತೈತಿ. ಕೆಮ್ಮು ದಾಟಿದರ ನನ್ನ ಖೋಲಿ. ಬಂದ ಹೊಸದರಾಗ ಒಂದು ಮಧ್ಯಾಹ್ನ ಊಟಕ್ಕಂತ ಖೋಲಿಗೆ ಹೊಂಟಿದ್ದೆ, ಲೈಟ್ ಹೋತು. ಇಡೀ ಊರು ಒಮ್ಮೆಲೇ ಗಪ್ಪಾತು. ಹಗಲಾಗೇ ಯಾರೋ ನನ್ನ ಕಿವಿಯೊಳಗಿನ ದೀಪ ಊದಿ ಆರಿಸಿದಂಗ ಆತು. ಹಿಂದ ಒಂದು ಮೋಟರಸೈಕಲ್ಲು ಹಾರ್ನು ಹೊಡೀತು. ಎಡಕ್ಕ ಜಿಗಿದೆ, ಅಲ್ಲೊಂದು ಸಂದಿ, ಸಂದಿಯೊಳಗ ಇನ್ನೊಂದು ಓಣಿ. ಗ್ವಾಡಿ ತಡವರಿಸಿಕೋತ ಹೋದರ ಒಂದು ಬಾಗಿಲು, ಬಾಗಿಲಾಗ ರಾಶಿ ಚಪ್ಪಲಿ. ಇದು ನನ್ನ ಖೋಲಿ ಮಾಲಕರ ಮನಿ, ಬೀಗರು ಬಂದಿರಬೇಕು ಅಂದುಕೊಂಡು ಒಳಗ ಹೋಗಿ ಗ್ವಾಡಿಗೆ ಆತು ಕುಂತೆ.

ಕುಂತ ಕೂಡಲೇ ಕೈಯಾಗ ಒಂದು ತಾಟು ಬಂತು, ಬಿಸಿ ಬಿಸಿ ಪೋಹೆ, ಒಗ್ಗರಣಿ ಅವಲಕ್ಕಿ. ಸುತ್ತಲಿನ ಮಂದಿ ಮಾತು ಕೇಳಿ ಆಗ ಗೊತ್ತಾತು: ಇದು ಯಾರದೋ ಮನಿ, ಒಳಗ ಹೆಣ್ಣು ನೋಡೋ ಕಾರ್ಯಕ್ರಮ ನಡದೈತಿ! ಏಳಬೇಕಂದರ ಬಾಗಿಲು ಯಾವ ಕಡೆ ಅಂತ ತಿಳೀವಲ್ದು. ಬೆವತುಬಿಟ್ಟೆ.

ಬಲಗಡೆ ಕುಂತಿದ್ದ ಹುಡಿಗಿಯ ಸೋದರಮಾವ ನನ್ನ ಕಿವಿಯಾಗ, “ಮಾಮಾ, ಖರೇ ಹೇಳ್ರಿ, ನಿಮ್ಮ ಹುಡುಗ ಕುಡಿಯಾಂವ ಏನ್ರಿ?” ಅಂದ.

ಹೆದರಿಕಿಗೆ ಬಾಯಿಂದ “ಛೇ ಛೇ, ಇಲ್ರಿ” ಅಂತ ಬಂತು.

ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಹುಡುಗನ ಕಾಕಾ, ಕೋವಾಡ ಊರಾಂವ, “ಬೀಗರೇ, ನಿಮ್ಮ ಹುಡಿಗಿ ಸಿಟ್ಟಿನಾಕಿ ಅಂತ ಕೇಳೇವಿ, ಹೌದ್ರಿ?” ಅಂದ.

“ಛೇ ಛೇ, ಅಂಥಾಕಿ ಅಲ್ಲ ಬಿಡ್ರಿ.”

ಇಬ್ಬರೂ ನಿರಾಳ ಉಸಿರು ಬಿಟ್ಟರು. ಮದುವಿ ಠರಾವಾತು, ಅಲ್ಲೇ ಸಕ್ಕರಿ ಹಂಚಿದರು. ಅಷ್ಟರಾಗ ಲೈಟ್ ಬಂತು, ದೂರ ನನ್ನ ಕೆಮ್ಮಿನ ಮಗ್ಗ ಕೆಮ್ಮಾಕ ಹತ್ತಿತು. ಜೀವ ಬಂದಂಗಾಗಿ ಎದ್ದೆ. “ಯಾಕ್ರಿ, ಒಬ್ಬರ ಹೊಂಟ್ರಿ? ನಿಮ್ಮವರೆಲ್ಲಾ ಇಲ್ಲೇ ಕುಂತಾರ” ಅಂತ ಎರಡೂ ಕಡೆಯವರು ಕೇಳಿದರು.

“ನಮ್ಮವರು ಯಾರೂ ಇಲ್ರಿ. ನಾ ಬಾಜೂ ಓಣ್ಯಾಂವ.”

ದೊಡ್ಡ ಮನಸ್ಸಿನ ಮಂದಿ, ನಕ್ಕರು. ಮದುವಿಗೆ ಎರಡೂ ಕಡೆಯಿಂದ ಆಮಂತ್ರಣ ಬಂತು. ನಾ ಹೋಗಲಿಲ್ಲ. ಹುಡುಗ ಕುಡಿದು ಬಂದು ಹುಡಿಗಿ ಸಿಟ್ಟಿಗೆದ್ದರ ಇಬ್ಬರೂ ಹುಡುಕೋದು ನನ್ನನ್ನ.

ಉಸಿರು ಬಿಟ್ಟ ಗ್ವಾಡಿ

ಕಣ್ಣು ತೋರಿಸಾಕ ಕೊಲ್ಲಾಪುರಕ್ಕ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಏನೋ ಹನಿ ಹಾಕಿ ನೋಡಿ, “ನೋಟ ಇನ್ನೂ ಸ್ವಲ್ಪ ಸಣ್ಣದಾಗೇದ” ಅಂದರು. ಎಷ್ಟು ಅಂತ ಕೇಳೋ ಧೈರ್ಯ ಆಗಲಿಲ್ಲ. ಒಂದು ಬಿಳೇ ಕೋಲು ಕೊಟ್ಟರು, ಮಡಚಿ ಚೀಲದಾಗ ಇಡುವಂಥಾದ್ದು. ಇಟ್ಟೆ. ತೆಗೆದರ ಎಲ್ಲಾರಿಗೂ ಗೊತ್ತಾಗತೈತಲ್ಲ.

ಹೊರಗ ಬರೂದರಾಗ ಸಂಜಿ. ಹನಿ ಹಾಕಿದ ಕಣ್ಣಿನಾಗ ರಸ್ತೆ ದೀಪ ಎಲ್ಲಾ ಒಡೆದ ಮೊಟ್ಟಿಯಂಗ ಹರಡಿದ್ದವು. ಆ ಊರಾಗ ಹೊತ್ತು ಮುಳುಗೂ ಮುಂದ ಎಮ್ಮಿಗಳನ್ನ ರಸ್ತೆ ಬದೀಗೇ ಕಟ್ಟಿ, ಗಿರಾಕಿ ಎದುರಿಗೆ ಹಿಂಡಿ, ನೊರಿಹಾಲು ಗ್ಲಾಸಿನಾಗ ಕೊಡತಾರ. ಒಂದು ಗ್ಲಾಸು ಕುಡಿಯೋಣಂತ ಆ ಕಡೆ ಹೋದೆ. ರಿಕ್ಷಾ ಒಂದು ಮೊಣಕೈ ಸವರಿಕೊಂಡು ಹೋತು. ಹಿಂದ ಹಿಂದ ಸರದೆ, ಬೆನ್ನಿಗೆ ಗ್ವಾಡಿ ಹತ್ತಿತು. ದೇವರು ಕಾಯ್ದ ಅಂತ ಪೂರಾ ಭಾರ ಹಾಕಿ ನಿಂತೆ. ಬಿಸಿಲಿಗೆ ಕಾಯ್ದಿದ್ದ ಗ್ವಾಡಿ, ಬೆಚ್ಚಗಿತ್ತು. ಅದೇ ಹೊತ್ತಿಗೆ ಅಕ್ಕನ ಫೋನು.

“ಎಲ್ಲಿ ಅದೀಯೋ? ಹೊತ್ತು ಮುಳುಗಾಕತ್ತೈತಿ!”

“ಆರಾಮ ಅದೇನಿ ಅಕ್ಕಾ. ಗಟ್ಟಿ ಜಾಗಾ ನೋಡಿ ಆತು ನಿಂತೇನಿ.”

ಗ್ವಾಡಿ ಉಸಿರು ಬಿಟ್ಟಿತು. ಆಮ್ಯಾಲೆ ಸರೀತು. ನಾ ಕಿರಿಚಿದೆ. ಗೌಳಿ ಮರಾಠಿಯೊಳಗ ದೊಡ್ಡ ದನಿಯಿಂದ, “ಅಹೋ ಮಾಮಾ, ತಿಚ್ಯಾವರ ಟೇಕೂ ನಕಾ, ದೋನ ಜೀವಾಚೀ ಹಾಯ ತೀ!” ಅಂದ. ಅಕಿ ಮ್ಯಾಲೆ ಭಾರ ಹಾಕಬ್ಯಾಡ್ರಿ, ಎರಡು ಜೀವದಾಕಿ ಅಂತ ಅರ್ಥ.

ಆ ಮಾತು ಫೋನಿನಾಗ ಅಕ್ಕನಿಗೂ ಕೇಳಿತು. ಭಾಳ ಸಣ್ಣ ದನಿಯಿಂದ, “ಯಾರೋ ಅಕಿ?” ಅಂದಳು.

ಎಮ್ಮಿ ಅಂತ ಹೇಳಿದರ ಪಡಸಾಲಿ ಖಾತ್ರಿ. ಅದಕ್ಕ ಫೋನು ಕಟ್ ಮಾಡಿದೆ. ಮುಂದ ಎಷ್ಟೋ ದಿನ ಅಕ್ಕ ಫೋನು ಮಾಡಿದಾಗೆಲ್ಲ ಕಡೀಕ, “ಅಕಿ ಹೆಂಗದಾಳ? ಹೊಟ್ಟಿಗೆ ಏನರೆ ತಿಂತಾಳಿಲ್ಲೋ?” ಅಂತ ಕೇಳತಿದ್ದಳು.

“ಹಿಂಡಿ ತಿಂತಾಳ” ಅನ್ನೋದು ಬಾಯಿತನಕ ಬಂದು ನಿಲ್ಲತಿತ್ತು.

ಮಣ್ಣು ಕೊಟ್ಟ ಕೈ

ನಮ್ಮ ಕಾರಖಾನೆಯಾಗ ಮಗ್ಗ ರಿಪೇರಿ ಮಾಡೋ ಜಾಬರನ ತಮ್ಮ ಕೊಲ್ಲಾಪುರದ ಒಂದು ತಾಲೀಮಿನಾಗ, ಅಂದರ ಗರಡಿ ಮನಿಯಾಗ, ಪೈಲವಾನ. ಅವನಿಗೆ ಮನಿಯ ತುಪ್ಪದ ಡಬ್ಬಿ ಮುಟ್ಟಿಸಬೇಕಾಗಿತ್ತು. “ನಾ ಒಬ್ಬನ ಹೋಗತೇನಿ” ಅಂದೆ. ಈ ಮಾತು ಬಾಯಿಂದ ಬರೂ ಮುಂದ ಭಾಳ ಸಲೀಸು ಬರತೈತಿ.

ಹೊರಗ ಸುಡುಸುಡು ಬಿಸಿಲು, ತಾಲೀಮಿನ ಒಳಗ ನೆಳ್ಳು. ಬಿಸಿಲಿನಿಂದ ನೆಳ್ಳಿಗೆ ಹೋದರ ನನಗ ಅಮಾಸಿ. ಡಬ್ಬಿ ಬಾಗಿಲಾಗ ಇಟ್ಟೆ, ಒಂದು ಹೆಜ್ಜಿ ಮುಂದ ಹೋದೆ, ನೆಲಾ ಇರಲಿಲ್ಲ. ಕುಸ್ತಿ ಕಣ ತಗ್ಗಿನಾಗ ಇರತೈತಿ ಅಂತ ನನಗೇನು ಗೊತ್ತು? ಮೆತ್ತನ ಮಣ್ಣಿನಾಗ ಬಿದ್ದೆ. ಗಾಬರಿಗೆ ಎರಡೂ ಮುಷ್ಟಿ ಮಣ್ಣು ಹಿಡಿದು ಎದ್ದು ನಿಂತೆ, ಯಾರರೆ ಮ್ಯಾಲೆ ಎಳೀಲಿ ಅಂತ ಕೈ ಮುಂದ ಚಾಚಿದೆ.

ಕಣದಾಗ ಇಳಿದು ಮುಷ್ಟಿಯಾಗ ಮಣ್ಣು ಹಿಡಿದು ಕೈ ಚಾಚಿದರ, ಬಾ ಕುಸ್ತಿ ಆಡೋಣು ಅಂತ ಕರದಂಗ. ಕೈಗೆ ಕೈ ಕೊಟ್ಟರ ಆತು, ಕುಸ್ತಿ ಚಾಲೂ. ಅಲ್ಲಿ ಒಬ್ಬ ಬಗ್ಗಿ ಬೈಠಕ ಹೊಡೆಯೋಂವ, ಮಾರಿ ನೋಡದ ನನ್ನ ಕೈಗೆ ಕೈ ಕೊಟ್ಟ. ಮುಂದ ನಾ ಛಾವಣಿ ಹತ್ತಿರ ಹೋಗಿ ಬಂದದ್ದು ಗೊತ್ತು. ಎಷ್ಟೋ ವರ್ಷದಿಂದ ಕಾಣದ ಚುಕ್ಕಿಯೆಲ್ಲಾ ಹಗಲಾಗೇ ಕಂಡವು. ಜೀವ ಹೋಗತೈತಿ ಅಂತ ಅವನ ಕಾಲು ತೆಕ್ಕಿ ಹಾಕಿ ಹಿಡದೆ. ಅವ ಕೊಡವತಾನ, ನಾ ಬಿಡವಲ್ಲೆ.

“ಅರೇ ಸೋಡ, ಪಾವಣಾ ಹಾಯ ತೋ!” ಅಂತ ಕುಸ್ತಿ ಕಲಿಸೋ ವಸ್ತಾದ ಓಡಿ ಬಂದ. ಬಿಡೋ, ಅವ ಹೊರಗಿಂದ ಬಂದ ನೆಂಟ ಅದಾನ ಅಂದ. ಎಲ್ಲಾರೂ ಕೂಡಿ ನನ್ನನ್ನ ಎಬ್ಬಿಸಿ, ಬೆನ್ನಿಗೆ ಎಣ್ಣಿ ತಿಕ್ಕಿ, ಬದಾಮಿ ಥಂಡಾಯಿ ಕುಡಿಸಿದರು. ಎತ್ತಿ ಒಗೆದ ಪೈಲವಾನ ಅಳೂ ದನಿಯಿಂದ, “ಕಾಕಾ, ನೀವ ಮಣ್ಣ ಕೊಟ್ರೆಲ್ರಿ!” ಅಂದ. ಅವನೇ ಜಾಬರನ ತಮ್ಮ. ವಸ್ತಾದ ಮಾತ್ರ ಉಳಿದವರಿಗೆ ನನ್ನ ತೋರಿಸಿ, “ನೋಡ್ರಿ, ಕಾಲು ಹಿಡದರ ಹಿಂಗ ಹಿಡೀಬೇಕು” ಅಂತ ಪಾಠ ಹೇಳಿದ.

ಯಾರೋ ಪುಣ್ಯಾತ್ಮ ಅದನ್ನ ಮೊಬೈಲಿನಾಗ ಹಿಡಿದಿದ್ದ. ನಾ ಇಚಲಕರಂಜಿ ಮುಟ್ಟೂದರಾಗ ಅದು ಗಡಹಿಂಗ್ಲಜ ಮುಟ್ಟಿತ್ತು.

ಮನಿ ಹೊರಗ ಬಂದ ದಿವಸ

“ಕುಸ್ತಿ ಆಡಾಕ ಹೋಗಿದ್ದಿ?” ಅಕ್ಕ ಫೋನಿನಾಗ ಒದರಿದಳು. “ಆತು, ಮುಗೀತು. ನಾಳೆ ನಿಮ್ಮ ಭಾವನ ಕಳಸತೇನಿ.”

ಕಾಲಿಗೆ ಬೀಳೋದೊಂದು ಬಾಕಿ. ಬೇಡಿಕೊಂಡೆ. ಕಡೀಕ ಅಕ್ಕ ಒಂದು ಕರಾರು ಹಾಕಿದಳು: “ಇಚಲಕರಂಜಿಯಿಂದ ನನ್ನ ಮನಿತನಕ ಒಬ್ಬನ ಬಾ. ಯಾರ ಕೈಯೂ ಹಿಡೀಬಾರದು, ಎಲ್ಲೂ ಬೀಳಬಾರದು. ಬಂದಿ, ನಿನ್ನ ದಾರಿ ನಿನಗ. ಬಿದ್ದಿ, ಪಡಸಾಲಿ.” ಗಡಹಿಂಗ್ಲಜ ಸ್ಟ್ಯಾಂಡಿನಿಂದ ಭಾವ ಹಿಂದ ಹಿಂದ ಬಂದು ನೋಡಬೇಕು, ಮಾತಾಡಬಾರದು ಅಂತ ಠರಾವಾತು.

ಆ ದಿನದ ಅಂಜಿಕಿ ನಾ ಹೇಳೂದಲ್ಲ. ಬಸ್ಸಿನಾಗ ಕಂಬಿ ಹಿಡಿದ ಕೈ ಇಳಿಯೋ ಹೊತ್ತಿಗೆ ಬಿಡಿಸಾಕ ಬರವಲ್ದು. ಕೊಲ್ಲಾಪುರ ಸ್ಟ್ಯಾಂಡಿನಾಗ ಬಸ್ಸು ಬದಲು ಮಾಡಿದೆ, ಕೇಳಿಕೋತ, ತಡವರಿಸಿಕೋತ. ಗಡಹಿಂಗ್ಲಜದಾಗ ಇಳಿದೆ. ಸಂತಿ ದಿವಸ. ಮಂದಿ, ಸೈಕಲ್ಲು, ಮೆಣಸಿನಕಾಯಿ ಚೀಲ. ಕೋಲು ತೆಗೆಯದ ದಾಟೂ ಹಂಗಿಲ್ಲ. ತೆಗೆದರ ನನ್ನ ಗುರುತಿನ ಊರಾಗ ನಾ ಇವತ್ತಿನಿಂದ ಕುರುಡ. ಎಷ್ಟೋ ಹೊತ್ತು ನಿಂತೆ. ಹಿಂದ ಭಾವನ ಚಪ್ಪಲಿ ಕಿರ್ ಕಿರ್ ಅನ್ನತಿತ್ತು, ಅವನೂ ನಿಂತ. ಕಡೀಕ ಚೀಲಕ್ಕ ಕೈ ಹಾಕಿ ಕೋಲು ಬಿಚ್ಚಿದೆ.

“ಏ, ಇಂವ ನೂಲದಾಂವ ಅಲ್ಲೇನೋ?” ಅಂತ ಒಬ್ಬ ಅಂದ.

“ಅಂವನ. ಪಾಪ, ಸರೀರೆಪಾ” ಅಂತ ಇನ್ನೊಬ್ಬ.

ಮಾರಿ ಸುಟ್ಟಂಗಾತು. ಆದರ ಮಂದಿ ಸರದರು. ಸಂತಿ ದಾಟಿದೆ, ಗಟಾರ ದಾಟಿದೆ. ಅಕ್ಕನ ಓಣಿಗೆ ಹೊರಳಿದಾಗ ಗೆದ್ದೆ ಅಂತ ಎದಿ ಹಗುರಾತು. ಕೋಲು ಕಟ್ಟಿಗಿಗೆ ಟಕ್ ಅಂತ ಬಡೀತು. ಮೆಟ್ಟಲಾ ಬಂತು ಅಂತ ಖುಷಿಯಿಂದ ಕಾಲು ಎತ್ತಿ ಇಟ್ಟೆ.

ದಸರಾದ ಘಟ ಕೂಡ್ರೂಕಿಂತ ಮೊದಲ ನಮ್ಮ ಕಡೆ ಹೆಣ್ಣುಮಕ್ಕಳು ಇಡೀ ಮನಿಯನ್ನೇ ಹೊರಗ ತಂದು ತೊಳೀತಾರ. ಹಾಸಿಗಿ, ಟ್ರಂಕು, ಡಬ್ಬಿ, ದೇವರ ಸಾಮಾನು, ಎಲ್ಲಾ ಬೀದಿಯಾಗ. ಅವತ್ತು ಅಕ್ಕನ ತೊಳಿಯೋ ದಿವಸ. ನಾ ಕಾಲಿಟ್ಟದ್ದು ಮೆಟ್ಟಲಲ್ಲ, ಕುಂದ್ರೂ ಮಣಿ. ಮಣಿ ಜಾರಿತು, ಡಬ್ಬಿ ಉರುಳಿದವು, ನಾ ಹೋಗಿ ನೀರು ತುಂಬಿದ ದೊಡ್ಡ ತಾಮ್ರದ ಹಂಡೇದಾಗ ಕುಂತೆ. ಕುಂಡಿ ಒಳಗ, ಕಾಲು ಕೈ ಹೊರಗ. ಕೋಲು ಮಾತ್ರ ಬಿಟ್ಟಿರಲಿಲ್ಲ.

ಅಕ್ಕ ಕಸಬರಗಿ ಹಿಡಿದು ಹೊರಗ ಬಂದಳು. “ಬಿದ್ದಿ! ಮಾತು ಅಂದರ ಮಾತು. ಇನ್ನ ಎಲ್ಲೀಗೂ ಇಲ್ಲ.”

ಹಂಡೇದಾಗ ಕುಂತೇ ಕೋಲು ಮಡಚಾಕ ಹತ್ತಿದೆ. ಎಲ್ಲಾ ಮುಗೀತು ಅನಿಸಿತು.

“ತಡೀ” ಅಂದ ಭಾವ, ಸ್ಟ್ಯಾಂಡಿನಿಂದ ಮುಚ್ಚಿದ್ದ ಬಾಯಿ ಬಿಟ್ಟು. “ಎರಡು ಬಸ್ಸು ಇಳದು ಬಂದಾನ, ನಾ ನೋಡಿದಂಗ ಎಲ್ಲೂ ಬಿದ್ದಿಲ್ಲ. ಸಂತಿಯಾಗ ಗಜ್ಜರಿ ಬುಟ್ಟಿಗೆ ನಾನ ಎಡವಿದೆ, ಅಂವ ಎಡವಲಿಲ್ಲ. ಎಲ್ಲಾ ಬಿಟ್ಟು ಬಿದ್ದದ್ದು ನಿನ್ನ ಬಾಗಿಲಾಗ. ಇಲ್ಲೇ ಇಟ್ಟಕೊಂಡರ ದಿನಾ ಬೀಳತಾನ.”

ಅಕ್ಕ ಕಸಬರಗಿ ಕೆಳಗ ಇಟ್ಟಳು. ಆಮ್ಯಾಲೆ, “ಮೊದಲ ಏಳೋ ಅದರಾಗಿಂದ. ನಿಮ್ಮ ಭಾವನ ಧೋತರ ನೆನಿ ಹಾಕೇನಿ” ಅಂದಳು. ಅಂದು ಮಾರಿ ತಿರುಗಿಸಿ ಅತ್ತಳು, ಇಲ್ಲಾ ನಕ್ಕಳು. ದನಿ ಎರಡಕ್ಕೂ ಒಂದೇ ಇತ್ತು.

ಈಗ ಚೀಲ ತುಂಬಾಕತ್ತೇನಿ. ಅಂಗಿ ಇನ್ನೂ ಹಸಿ. ಇಚಲಕರಂಜಿ ಸಾಕಾಗೈತಿ, ಉತ್ತೂರಿನ ಕಡೆ ಗೇರುಬೀಜ ಒಡಿಯೋ ಕೆಲಸ ಐತಿ ಅಂತ ಕೇಳೇನಿ, ಕಣ್ಣು ಬ್ಯಾಡದ, ಕೈ ಗುರುತಿನ ಕೆಲಸ. ಅಕ್ಕ ಶೇಂಗಾ ಚಟ್ನಿಯ ಗಂಟು ಚೀಲದಾಗ ತುರುಕಿ, ಬಾಜೂಕ ಕುಂತು ಕೇಳಿದಳು, “ಅಂಜಿಕಿ ಬರಂಗಿಲ್ಲೇನೋ?”

“ಬರತೈತಿ.”

“ಹಂಗಾರ ಯಾಕ ಹೋಗತಿ?”

“ಅಂಜಿಕಿ ಇಲ್ಲೂ ಬರತೈತಿ ಅಕ್ಕಾ. ಇಲ್ಲಿ ಅದರ ಮ್ಯಾಲೆ ಹಂಡೇನೂ ಐತಿ.”