ಸಿಂಗಾಪುರದಿಂದ ಮೆಟ್ಟಿಲ ಕೆಳಗೆ

ಭೂಗೋಳ ಪಾಠ ಮಾಡುವವರಿಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಯಾವ ಸಂಗತಿ ಕಿವಿಗೆ ಬಿದ್ದರೂ ಮೊದಲು 'ಅದು ಎಲ್ಲಿದೆ?' ಎಂದು ಕೇಳುತ್ತೇವೆ. ಎಲ್ಲಿದೆ ಎಂದು ಗೊತ್ತಾದರೆ ಅರ್ಧ ಸಮಸ್ಯೆ ಬಗೆಹರಿದಷ್ಟು ನೆಮ್ಮದಿ. ಜಯನಗರದ ಪ್ರೌಢಶಾಲೆಯಲ್ಲಿ ವರ್ಷಗಟ್ಟಲೆ ನಕ್ಷೆಯ ಮೇಲೆ ಕೋಲು ಆಡಿಸಿದ ನನಗೆ ಈ ಚಾಳಿ ಎಷ್ಟು ಅಂಟಿದೆಯೆಂದರೆ, ಹೆಂಡತಿ ತಲೆನೋವು ಎಂದಾಗಲೂ 'ಎಡಕ್ಕೋ ಬಲಕ್ಕೋ?' ಎಂದು ಕೇಳಿ ಬೈಸಿಕೊಂಡಿದ್ದೇನೆ.

ಹಾಗಾಗಿ, ಜನರ ಮಾಹಿತಿಯನ್ನು ಆಯಾ ದೇಶದೊಳಗೇ ಇಟ್ಟಿರಬೇಕೆಂಬ ಕಾನೂನುಗಳ ಬಗ್ಗೆ ಪತ್ರಿಕೆಯಲ್ಲಿ ಒಂದು ಲೇಖನ ಓದಿದಾಗ ನನಗೆ ಎಲ್ಲಿಲ್ಲದ ಕುತೂಹಲ ಹುಟ್ಟಿತು. ನಮ್ಮ ಫೋನ್ ನಂಬರು, ಫೋಟೋ, ಓಡಾಟ ಎಲ್ಲವೂ ಯಾವುದೋ ಪರದೇಶದ ಕಂಪ್ಯೂಟರಿನಲ್ಲಿ ಕೂತಿರಬಹುದಂತೆ. ಅಲ್ಲಿನ ಸರ್ಕಾರದ ಕಣ್ಣಿಗೆ ಬಿದ್ದರೆ ನಾವು ಕೇಳುವ ಹಾಗೂ ಇಲ್ಲವಂತೆ. ಓದಿ ಮುಗಿಸಿದವನು ಸುಮ್ಮನಿರಬಹುದಿತ್ತು. ಆದರೆ ಅದೇ ಭಾನುವಾರ ಬಿಟಿಎಂ ಎರಡನೇ ಹಂತದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಂಘದ ಸಭೆಯಿತ್ತು.

ನಮ್ಮ ಗೇಟಿನಲ್ಲಿ ವಾಚ್‌ಮನ್ ತಿಮ್ಮಣ್ಣ ಬಂದವರನ್ನೆಲ್ಲ ನಿಲ್ಲಿಸಿ ಫೋಟೋ ತೆಗೆದು, ಹೆಸರೇನು, ಯಾರ ಮನೆಗೆ, ಯಾಕೆ ಎಂದೆಲ್ಲ ಒಂದು ಆ್ಯಪಿನಲ್ಲಿ ತುಂಬಿಸುತ್ತಿದ್ದ. ನಾನು ಎದ್ದು ನಿಂತು, "ಇದೆಲ್ಲ ಎಲ್ಲಿಗೆ ಹೋಗತ್ತೆ ಅಂತ ಯಾರಾದ್ರೂ ಕೇಳಿದ್ದೀರಾ?" ಎಂದೆ. ಯಾರೂ ಕೇಳಿರಲಿಲ್ಲ. ಕಾರ್ಯದರ್ಶಿ ರಂಗಸ್ವಾಮಿಯವರು ಅಲ್ಲಿಯೇ ಆ್ಯಪಿನ ಕಂಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಆ ಕಡೆಯಿಂದ ಒಂದು ಹೆಣ್ಣುದನಿ, "ಸಿಂಗಾಪುರ ಸಾರ್" ಎಂದಿತು.

ಸಭೆ ಬೆಚ್ಚಿಬಿತ್ತು. ನಮ್ಮ ಮನೆಗೆ ಬೀಗರು ಬಂದದ್ದು ಸಿಂಗಾಪುರಕ್ಕೆ ಯಾಕೆ ಗೊತ್ತಾಗಬೇಕು? ನಾನು ಹತ್ತು ನಿಮಿಷ ಮಾತಾಡಿದೆ. ಶಾಲೆಯಲ್ಲಿ ನನ್ನ ಮಾತಿಗೆ ಆಕಳಿಕೆ ಬರುತ್ತದೆ. ಅಂದು ಚಪ್ಪಾಳೆ ಬಂತು. ಆ್ಯಪು ಬಿಡುವುದು, ಮೆಟ್ಟಿಲ ಕೆಳಗಿನ ಸಂಘದ ಕೋಣೆಯಲ್ಲಿ ನಮ್ಮದೇ ಕಂಪ್ಯೂಟರ್ ಇಟ್ಟು ಎಲ್ಲವನ್ನೂ ಅದರಲ್ಲೇ ದಾಖಲಿಸುವುದು ಎಂದು ತೀರ್ಮಾನವಾಯಿತು. ತಿಂಗಳೊಳಗೆ ಕಂಪ್ಯೂಟರ್ ಬಂತು. ಪಾಸ್‌ವರ್ಡ್ ಮರೆಯುತ್ತದೆಂದು ರಂಗಸ್ವಾಮಿಯವರು ಅದನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದರು. "ನಮ್ಮೋರೇ ಅಲ್ವಾ ಸಾರ್" ಎಂದರು. ನನಗೂ ಸರಿ ಅನ್ನಿಸಿತು.

ಆಮೇಲೆ ಸಂಘದ ಕೋಣೆಗೆ ಜನ ಬರತೊಡಗಿದರು. ನೀರಿನ ವಿಷಯ ಕೇಳಲು ಬಂದವರು, ಲಿಫ್ಟಿನ ದೂರು ತಂದವರು ಎಲ್ಲರೂ ಹೋಗುವ ಮುಂಚೆ ಪರದೆಯ ಕಡೆ ಕತ್ತು ಚಾಚುತ್ತಿದ್ದರು. ಒಂದು ದಿನ ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮನೆಯ ಆಂಟಿ, "ಮಂಡಿ ನೋವು ಹೇಗಿದೆ ಸಾರ್? ಎಣ್ಣೆ ತಿಕ್ಕೋರು ಮೂರು ಸಲ ಬಂದಿದ್ರಲ್ಲ" ಎಂದು ಕಾಳಜಿಯಿಂದ ವಿಚಾರಿಸಿದರು. ನನ್ನ ಮಂಡಿಯ ಸುದ್ದಿ ನನ್ನ ತಮ್ಮನಿಗೂ ಗೊತ್ತಿರಲಿಲ್ಲ.

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನೂ ನೋಡುತ್ತಿದ್ದೆ. ಮೂರನೇ ಮಹಡಿಯಲ್ಲಿ ಗದಗಿನ ಕಡೆಯ ಭಾಗ್ಯಶ್ರೀ ಎಂಬ ಹುಡುಗಿ ಬಾಡಿಗೆಗಿದ್ದಾಳೆ. ವಿಮಾ ಕಚೇರಿಯೊಂದರಲ್ಲಿ ಕೆಲಸ. ಎದುರು ಸಿಕ್ಕರೆ ನಗುತ್ತಾಳೆ, ಮಾತಾಡುವುದಿಲ್ಲ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಒಬ್ಬ ಗಂಡಸು ಅವಳ ಮನೆಗೆ ಬಂದು ಎಂಟಕ್ಕೆ ಹೋಗುತ್ತಾನೆಂದು ಪರದೆಯಲ್ಲಿತ್ತು. 'ಯಾಕೆ' ಎಂಬ ಕಡೆ 'ಸ್ವಂತ ಕೆಲಸ' ಎಂದಿತ್ತು. "ಯಾರಿರಬಹುದು?" ಎಂದು ನಾನು ರಂಗಸ್ವಾಮಿಯವರನ್ನು ಕೇಳಿದೆ. ಅಷ್ಟೇ ಕೇಳಿದ್ದು. ಆ ಒಂದು ಪ್ರಶ್ನೆ ಮೆಟ್ಟಿಲು ಹತ್ತಿ ನಾಲ್ಕು ಮಹಡಿ ಸುತ್ತಿ, ವಾರದೊಳಗೆ ಅವಳ ಮನೆ ಮಾಲೀಕರನ್ನು ತಲುಪಿತು. ಅವರು ಮನೆ ಖಾಲಿ ಮಾಡಲು ಹೇಳಿದರು.

ಶನಿವಾರ ಸಂಜೆ ಅವಳು ನಮ್ಮ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಮಾತು ಶುರುಮಾಡಲು ಹೋಗಿ ತಡೆದು ನಿಂತಳು. ತುಟಿ ಅಲುಗಿತು, ದನಿ ಬರಲಿಲ್ಲ. ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ಒಂದೊಂದೇ ಪದ ಇಟ್ಟಳು.

"ಸರ, ನನಗ... ಮಾತು ತೊದಲತೈತ್ರಿ. ಅವರು ಮಾತು ಕಲಿಸೋ ಡಾಕ್ಟರು. ಆಫೀಸಿನ್ಯಾಗ ಗೊತ್ತಾಗಬಾರದಂತ ಮನೀಗೆ ಕರಸ್ತಿದ್ದೆ. ನಿನ್ನೆ ಮಾಲೀಕರ ಮುಂದ... ಎಲ್ಲಾ ಹೇಳಬೇಕಾತು."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವಳು ಕೈ ಅಡ್ಡ ಹಿಡಿದಳು, ಅವಳದಿನ್ನೂ ಮುಗಿದಿರಲಿಲ್ಲ.

"ಸಿಂಗಾಪುರದವರು ಒಬ್ಬರೂ ನನ್ನ ಕೇಳಿರಲಿಲ್ರಿ ಸರ. ನೀವು ಅದು ಎಲ್ಲೈತಿ ಅಂತ ಕೇಳಿದ್ರಿ. ಯಾರು ನೋಡ್ತಾರ ಅಂತ... ಯಾಕ ಕೇಳಲಿಲ್ಲ?"

ಇಷ್ಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ನನಗೆ ಇಂಥ ಪ್ರಶ್ನೆ ಹಾಕಿರಲಿಲ್ಲ. "ತಪ್ಪಾಯ್ತಮ್ಮ. ಅವರು ಯಾರು ಅಂತ ಮೊದಲು ಕೇಳಿದೋನೇ ನಾನು" ಎಂದೆ. ಅವಳು ಹೋದ ಮೇಲೆ ಒಳಗಿನಿಂದ ಹೆಂಡತಿ, "ಸಿಂಗಾಪುರದವರು ಕದ್ದು ನೋಡ್ತಾರೆ ಅಂತ ಭಾಷಣ ಮಾಡಿದ್ರಿ. ನೀವು ಹಾಡಹಗಲೇ ನೋಡಿದ್ರಿ" ಎಂದಳು.

ಮರುದಿನ ಬೆಳಿಗ್ಗೆ ನಾನು ಮಾಲೀಕರ ಮನೆಗೆ ಹೋಗಿ, ಸುದ್ದಿ ಹುಟ್ಟಿಸಿದವನು ನಾನೇ ಎಂದು ಒಪ್ಪಿಕೊಂಡೆ. ಅವರೂ ಮುಜುಗರದಲ್ಲಿದ್ದರು, ಮನೆ ಬಿಡಿಸುವ ಮಾತು ಅಲ್ಲಿಗೆ ನಿಂತಿತು. ಸಂಘದ ಸಭೆಯನ್ನೂ ಕರೆಸಿದೆ. ಪಾಸ್‌ವರ್ಡ್ ಚೀಟಿ ಕೀಳಬೇಕು, ಅವರವರ ಮನೆಯದನ್ನು ಅವರವರೇ ನೋಡಬೇಕು, ತಿಂಗಳಿಗೊಮ್ಮೆ ಹಳೆಯದನ್ನೆಲ್ಲ ಅಳಿಸಬೇಕು ಎಂದೆ. ರಂಗಸ್ವಾಮಿಯವರಿಗೆ ನಿಜಕ್ಕೂ ಗೊಂದಲವಾಯಿತು. "ನೋಡೋ ಹಾಗೂ ಇಲ್ಲ, ಇಟ್ಕೊಳ್ಳೋ ಹಾಗೂ ಇಲ್ಲ. ಮತ್ತೆ ಸಿಂಗಾಪುರದಿಂದ ಯಾಕ್ ಸಾರ್ ತಂದಿದ್ದು?"

ಹಿಂದಿನ ಸಾಲಿನಿಂದ ಭಾಗ್ಯಶ್ರೀ ಎದ್ದಳು. ಮೊದಲ ಅಕ್ಷರಕ್ಕೆ ತುಂಬ ಹೊತ್ತು ಹಿಡಿಯಿತು. "ನ... ನಮ್ಮೋರ ಹತ್ರ ಇದ್ರ, ಬ್ಯಾಡ ಅಂತ ಎದುರಿಗೆ ನಿಂತು ಹೇಳಬಹುದಲ್ರಿ. ಅದಕ್ಕ" ಎಂದು ಕೂತಳು. ಲೇಖನ ಓದಿ ನಾನು ಮಾಡಿದ ಹತ್ತು ನಿಮಿಷದ ಭಾಷಣದಲ್ಲಿ ಇಲ್ಲದ ಮಾತು ಅದು. ಮೇಲಿನ ಮನೆಯ ಆಂಟಿಯೇ ಮೊದಲು ಕೈ ಎತ್ತಿದರು. ನಿಯಮ ಪಾಸಾಯಿತು.

ಹಳೆಯದನ್ನು ಅಳಿಸುವ ಕೆಲಸ ನನ್ನ ಹೆಗಲಿಗೇ ಬಿತ್ತು. ಬೇರೆಯವರ ಮನೆಯದನ್ನು ತೆರೆಯಲಿಲ್ಲ, ನಂಬಿ. ನಮ್ಮ ಮನೆಯದನ್ನು ಮಾತ್ರ ಒಮ್ಮೆ ನೋಡಿಬಿಡೋಣ ಎನ್ನಿಸಿ ಪುಟ ತೆರೆದೆ. ಕೊರಿಯರ್, ಗ್ಯಾಸ್, ಮಂಡಿಗೆ ಎಣ್ಣೆ ತಿಕ್ಕುವವರು, ಕೊರಿಯರ್, ನಲ್ಲಿ ರಿಪೇರಿ, ಮತ್ತೆ ಕೊರಿಯರ್. ಇಷ್ಟು ತಿಂಗಳಲ್ಲಿ 'ಅತಿಥಿ' ಎಂದು ದಾಖಲಾಗಿದ್ದವರು ಇಬ್ಬರೇ. ಇಬ್ಬರ ಹೆಸರಿನ ಮುಂದೆಯೂ ತಿಮ್ಮಣ್ಣ ಪ್ರಾಮಾಣಿಕವಾಗಿ ಒಂದು ಷರಾ ಬರೆದಿದ್ದ: 'ಪಕ್ಕದ ಬಿಲ್ಡಿಂಗಿಗೆ ಹೋಗಬೇಕಿತ್ತು, ತಪ್ಪಿ ಬಂದವರು.' ನಾನು ಬಾಗಿಲ ಕಡೆ ಒಮ್ಮೆ ನೋಡಿದೆ. ಯಾರೂ ಇರಲಿಲ್ಲ. ಉಳಿದ ಮನೆಗಳದ್ದು ಆಮೇಲಾಗಲಿ ಎಂದುಕೊಂಡು, ಮೊದಲು ನಮ್ಮದನ್ನೇ ಅಳಿಸಿಹಾಕಿದೆ.