ಹೂಂ ಅಂದ್ರು, ತಿರುಗಿಸ್ರಮ್ಮಾ

ಉತ್ತರ ಕೊಡದವರೊಡನೆ ನಮ್ಮ ಅತ್ತೆಯಷ್ಟು ಮಾತಾಡಿದವರು ಬಸವನಗುಡಿಯಲ್ಲಿ ಇನ್ನೊಬ್ಬರಿರಲಾರರು. ರಾಜಕಾರಣಿಗಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಈ ಮಾತು ಹೇಳಿ ಎಲ್ಲರನ್ನೂ ನಗಿಸುತ್ತಿದ್ದವರು ಅಪ್ಪ. ಈಗ ಅವರಿಲ್ಲ, ನಾನೇ ಹೇಳಬೇಕು.

ಅತ್ತೆ ಅಪ್ಪನ ಅಕ್ಕ. ಚಾಮರಾಜಪೇಟೆಯ ಆಸ್ಪತ್ರೆಯೊಂದರ ಐಸಿಯುನಲ್ಲಿ ಇನ್‌ಚಾರ್ಜ್ ಸಿಸ್ಟರ್. ಅಲ್ಲಿ ಮುಕ್ಕಾಲು ಜನಕ್ಕೆ ಪ್ರಜ್ಞೆ ಇರುವುದಿಲ್ಲ. ಮಾತು ನಿಲ್ಲಿಸಲು ಅದೊಂದು ಕಾರಣವೇ? "ಯಜಮಾನ್ರೇ, ಎಡಗಡೆ ತಿರುಗಿಸ್ತೀವಿ, ಆಗ್ಬೋದಾ?" ಎಂದು ಕೇಳಿ, ಒಂದು ಉಸಿರಿನಷ್ಟು ಹೊತ್ತು ಕಾಯುತ್ತಾರೆ. ಆಮೇಲೆ ನರ್ಸ್‌ಗಳಿಗೆ, "ಹೂಂ ಅಂದ್ರು, ತಿರುಗಿಸ್ರಮ್ಮಾ." ಆ ಹೂಂ ಇಲ್ಲದೆ ಅಲ್ಲಿ ದಿಂಬು ಕೂಡ ಅಲುಗುವಂತಿಲ್ಲ!

ಇನ್ನೊಂದು ಶಿಫ್ಟಿನ ಇನ್‌ಚಾರ್ಜ್ ಕೂಗಿಯೇ ಆಳುವವರು. ಅವರು ಇಲ್ಲಿ ಬೈದರೆ ವೈಯಾಲಿಕಾವಲ್‌ನಲ್ಲಿ ಯಾರೋ ಬೆಚ್ಚಿಬೀಳುತ್ತಾರಂತೆ. ಅತ್ತೆ ದನಿ ಏರಿಸುವುದೇ ಇಲ್ಲ. ಹೊಸ ನರ್ಸ್ ಒಬ್ಬಳು ಕೇಳದೆ ಒಬ್ಬರ ಹೊದಿಕೆ ಸರಿಸಿದಾಗ ಹೇಳಿದ್ದು ಇಷ್ಟೇ: "ಸಾರಿ ಕೇಳು."

"ನಿಮ್ಮನ್ನಾ ಸಿಸ್ಟರ್?"

"ನನ್ನನ್ಯಾಕೆ? ಅವರನ್ನ."

"ಅವರಿಗೆ ಕೇಳ್ಸಲ್ವಲ್ಲಾ..."

"ಹಾಗಂತ ಅವರೇ ಹೇಳಿದ್ರಾ?"

ಪಾಪ, ಹುಡುಗಿ ಸಾರಿ ಕೇಳಿದಳು. ಉತ್ತರಕ್ಕೆ ಕಾದಳು ಕೂಡ!

ಹನುಮಂತನಗರದ ಮೇಷ್ಟ್ರೊಬ್ಬರು ಗುಣವಾಗಿ ಹೊರಡುವಾಗ ದೂರಿದ್ದುಂಟು: "ಒಂದು ಗಳಿಗೆ ನೆಮ್ಮದಿಯಾಗಿ ಮಲಗಕ್ಕೆ ಬಿಟ್ರೇನಮ್ಮಾ? ಬರೀ ಆಗ್ಬೋದಾ, ಆಗ್ಬೋದಾ!" ಅತ್ತೆ ವಾರವಿಡೀ ಆ ದೂರನ್ನು ಪದಕದಂತೆ ಧರಿಸಿ ಓಡಾಡಿದರು.

ಅಪ್ಪ ರೇಗಿಸುತ್ತಿದ್ದರು. "ಹೂಂ ಅನ್ನೋದು ನೀನೇ ತಾನೇ ಅಕ್ಕಾ?"

"ಬೇಡ ಅಂದ್ರೆ ಅದೂ ಕೇಳ್ಸತ್ತೆ ಕಣೋ."

"ಯಾರಾದ್ರೂ ಅಂದಿದಾರಾ?"

"ಇನ್ನೂ ಇಲ್ಲ."

ಅಪ್ಪನಿಗೆ ಸ್ಟ್ರೋಕ್ ಆಗಿ ಅದೇ ಐಸಿಯುಗೆ ಸೇರಿಸಿದೆವು. ಅತ್ತೆ ತಮ್ಮ ಹುಡುಗಿಯರನ್ನು ಕರೆದು, "ಈ ಬೆಡ್‌ಗೆ ನಾನು ಇನ್‌ಚಾರ್ಜ್ ಅಲ್ಲ. ನೀವೇ ನೋಡ್ಕೊಳಿ" ಎಂದು ಸ್ಟೂಲ್ ಎಳೆದು ಕೂತರು. ಅಪ್ಪನನ್ನು ಏನೂ ಕೇಳಲಿಲ್ಲ. ಅಪ್ಪ ಕಣ್ಣು ತೆರೆಯಲಿಲ್ಲ.

ಒಂದು ಮಧ್ಯಾಹ್ನ ಮಾನಿಟರಿನ ಗೆರೆ ನೇರವಾಯಿತು. ಡಾಕ್ಟರು ಪರೀಕ್ಷಿಸಿ, ಅತ್ತೆಯ ಹೆಗಲು ಮುಟ್ಟಿ ಹೊರಟುಹೋದರು. ಉಳಿದ ಕೆಲಸಕ್ಕೆ ಬಂದವಳು ಅದೇ ಸಾರಿ ಕೇಳಿದ ಹುಡುಗಿ. ಅಪ್ಪನ ಕಿವಿಯ ಬಳಿ ಬಗ್ಗಿದಳು. "ಅಂಕಲ್, ಟ್ಯೂಬ್ ತೆಗೀತೀವಿ, ಆಗ್ಬೋದಾ?"

ಕಾದಳು. ಒಂದು ಉಸಿರಿನ ಹೊತ್ತು ಮುಗಿಯಿತು. ಅವಳು ಅತ್ತೆಯ ಮುಖ ನೋಡಿದಳು. ನಾನೂ ನೋಡಿದೆ.

"ಬೇಡ ಅಂತಿದಾನೆ ಕಣಮ್ಮಾ."

ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಆಯ್ತು ಸಿಸ್ಟರ್," ಎಂದಳು. "ಆಮೇಲೆ ಕೇಳ್ತೀವಿ."