ಬೇಲಿಯ ಸದ್ದನ್ನು ಮುಚ್ಚಿಡಲಾರದ ಮೂರನೆಯ ಫೋನೋ ಸ್ಟೇಜಿಗೆ

ಮಾನ್ಯ ಫೋನೋ ಸ್ಟೇಜ್ ಮಹಾಶಯರೇ,

ಥರ್ಮೋಕೋಲಿನ ಹಾಸಿಗೆಯಲ್ಲಿ ಮಲಗಿ, ವೆಲ್ವೆಟ್ ಚೀಲ ಹೊದ್ದು, ಮೈಸೂರಿನಿಂದ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತು ಗುಂಡ್ಲುಪೇಟೆಗೆ ದಯಮಾಡಿಸಿದ ತಮ್ಮ ಘನ ಸನ್ನಿಧಿಗೆ, ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಮಿಕ್ಸಿ, ಮೈಕ್‌ಸೆಟ್ಟು, ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿರುವ ಮಹಾಲಿಂಗ ಕೈಮುಗಿದು ಅರಿಕೆ ಮಾಡುವುದೇನೆಂದರೆ, ತಮ್ಮ ಮೇಲೆ ದೂರು ಹೇಳುವ ಮುಂಚೆ ನಾನು ನಾಲ್ಕು ತಿಂಗಳಿನಿಂದ ಬಚ್ಚಿಟ್ಟಿದ್ದ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗಿದೆ. ಈರುಳ್ಳಿ ಮಂಡಿಯ ಪುಟ್ಟಬಸಪ್ಪನವರ ತೋಟದ ಮನೆಯಲ್ಲಿ, ಅವರು ಕೂರುವ ಸೋಫಾದ ಬಲಗಡೆಯ ಗೋಡೆಯಲ್ಲಿ ಒಂದು ಬಿಳಿ ಸ್ವಿಚ್ಚಿದೆ. ನೋಡಿದವರೆಲ್ಲ ಅದು ಫ್ಯಾನಿನದೆಂದುಕೊಂಡಿದ್ದಾರೆ. ಅದು ಫ್ಯಾನಿನದಲ್ಲ. ಅದನ್ನು ಹಾಕಿದವನು ನಾನು.

ಈ ಪತ್ರ ಊರಿನವರೂ ಓದಲೆಂದು ಬರೆದದ್ದಾದ್ದರಿಂದ ತಮ್ಮ ಘನತೆ ಏನೆಂದು ಅವರಿಗೂ ತಿಳಿಸಿಬಿಡುತ್ತೇನೆ. ರೆಕಾರ್ಡಿನ ಗೀರಿನಲ್ಲಿ ಮುಳ್ಳು ಓಡುವಾಗ ಹುಟ್ಟುವ ಸದ್ದು ಎಷ್ಟು ಸಣ್ಣದೆಂದರೆ ಆಂಪ್ಲಿಫೈಯರಿಗೆ ಅದು ಕೇಳಿಸುವುದೇ ಇಲ್ಲ. ಅದನ್ನು ನೂರಾರು ಪಟ್ಟು ಹಿಗ್ಗಿಸಿ, ತೆಳ್ಳಗಿದ್ದಲ್ಲಿ ದಪ್ಪ ಮಾಡಿ, ಕೀರಲಾದಲ್ಲಿ ತಗ್ಗಿಸಿ ಮುಂದಕ್ಕೆ ದಾಟಿಸುವ, ಊಟದ ಡಬ್ಬಿಯಷ್ಟು ಗಾತ್ರದ ಪೆಟ್ಟಿಗೆಯೇ ತಾವು. ಮುಳ್ಳು ಹೇಳಿದ್ದನ್ನು ಮಾತ್ರವಲ್ಲದೆ, ಸುತ್ತಮುತ್ತಲ ತಂತಿಗಳಲ್ಲಿ ಗುಟ್ಟಾಗಿ ಹರಿಯುವುದನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸಿ ಸಭೆಯ ಮುಂದಿಡುತ್ತೀರಿ. ನನ್ನ ದೂರಿನ ಮೂಲ ಅದೇ.

ಪುಟ್ಟಬಸಪ್ಪನವರಿಗೆ ರೆಕಾರ್ಡಿನ ಹುಚ್ಚು ಹತ್ತಿದ್ದು ಕಳೆದ ವರ್ಷ, ಮೈಸೂರಿನ ಬೀಗರ ಮನೆಯಲ್ಲಿ ಒಂದು ಟರ್ನ್‌ಟೇಬಲ್ ತಿರುಗುವುದನ್ನು ನೋಡಿದ ಮೇಲೆ. ಬೀಗರ ಮನೆಯಲ್ಲಿರುವುದು ತಮ್ಮ ಮನೆಯಲ್ಲಿಲ್ಲವೆಂದರೆ ನಿದ್ದೆ ಬಾರದ ಮನುಷ್ಯ ಅವರು. ಬಂಡೀಪುರದ ರಸ್ತೆಯ ತೋಟದ ಮನೆಗೆ ಟರ್ನ್‌ಟೇಬಲ್ಲೂ ಬಂತು, ಅದರ ಜೊತೆಗೆ ತಮ್ಮ ವಂಶದ ಮೊದಲನೆಯವರೂ ಬಂದರು. ಹಗಲು ಹೊತ್ತು ಹಾಡು ಹಾಲಿನಂತಿರುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಾಯಿತೆಂದರೆ ಹಾಡಿನ ಹಿಂದೆ ‘ಗುಂಯ್’ ಎಂದು ಜೇನು ಗೂಡು ಎದ್ದಂತಾಗುತ್ತಿತ್ತು. ಯಜಮಾನರು ಮೊದಲನೆಯವರನ್ನು ಇಳಿಸಿ ಎರಡನೆಯವರನ್ನು ತಂದರು. ಅವರು ಮೊದಲನೆಯವರಿಗಿಂತ ಸೂಕ್ಷ್ಮ ಕಿವಿಯವರಾದ್ದರಿಂದ ಇನ್ನೂ ಸ್ಪಷ್ಟವಾಗಿ ಗುಂಯ್ ಎಂದರು.

ಕಾರಣ ಹುಡುಕಲು ನನ್ನನ್ನು ಕರೆಸಿದರು. ಅರ್ತಿಂಗ್ ನೋಡಿದೆ, ವೈರು ಬದಲಾಯಿಸಿದೆ, ಮೂರು ದಿನ ಸುಮ್ಮನೆ ಬೆವರು ಸುರಿಸಿದೆ. ನಾಲ್ಕನೆಯ ಸಂಜೆ ಕೊಟ್ಟಿಗೆಯ ಹಿಂದೆ ನಿಂತಿದ್ದಾಗ ತೋಟದ ಆಳು ಮಾದಣ್ಣ ಬಂದು ಬಲ್ಬಿನ ಹೋಲ್ಡರಿಗೆ ಒಂದು ಪ್ಲಗ್ಗು ಚುಚ್ಚಿದ. ಅದೇ ಗಳಿಗೆಯಲ್ಲಿ ಮನೆಯೊಳಗಿಂದ ಗುಂಯ್ ಎಂದಿತು. ಪ್ಲಗ್ಗಿನ ವೈರು ಹಿಡಿದು ನಡೆದರೆ ಅದು ಹೋಗಿ ಸೇರಿದ್ದು ಬಾಳೆ ತೋಟದ ಸುತ್ತಲ ತಂತಿ ಬೇಲಿಗೆ. ಬೇಲಿಯ ಸೋಲಾರ್ ಮಿಷನ್ನು ಕೆಟ್ಟು ಯಾವುದೋ ಕಾಲವಾಗಿತ್ತು. ಸೋಲಾರ್ ಬೇಲಿ ಮುಟ್ಟಿದವನಿಗೆ ಒಂದು ಏಟು ಕೊಟ್ಟು ಬಿಡುತ್ತದೆ, ಹಂದಿಯೂ ಬದುಕುತ್ತದೆ, ಮನುಷ್ಯನೂ ಬದುಕುತ್ತಾನೆ. ಲೈನಿನ ಕರೆಂಟು ಹಿಡಿದದ್ದನ್ನು ಬಿಡುವುದಿಲ್ಲ. ಅದನ್ನು ಬೇಲಿಗೆ ಕೊಡುವುದು ಅಪರಾಧವೆಂದು ಹತ್ತನೇ ತರಗತಿ ಮುಗಿಸದವನಿಗೂ ಗೊತ್ತು.

ಯಜಮಾನರಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಡದೆಯೇ, “ಗೊತ್ತು ಕಣ್ಲಾ ಲಿಂಗ, ನಂಗೇನ್ ಗೊತ್ತಿಲ್ವಾ? ಹಂದಿ ಬಂದು ಬಾಳೆ ಬುಡ ಎಲ್ಲಾ ಎಬ್ಬಾಕ್ತವೆ. ನೀನ್ ಒಂದ್ ಕೆಲ್ಸ ಮಾಡು, ನಾ ಕುಂತಿರೋ ಜಾಗದಲ್ಲೇ ಒಂದ್ ಸ್ವಿಚ್ ಹಾಕ್ಬುಡು. ಪದ ಕೇಳಾಗ ಆಫ್ ಮಾಡ್ಕತೀನಿ, ಮುಗುದ್ಮೇಲೆ ಆನ್ ಮಾಡ್ಕತೀನಿ” ಎಂದರು. ಹಾಕಿಕೊಟ್ಟೆ. ಹೆದರಿ ಹಾಕಿದೆನೆಂದು ಬರೆದರೆ ಓದಿದವರು ಅಯ್ಯೋ ಪಾಪ ಎಂದಾರು, ಆದರೆ ಅದು ಸುಳ್ಳು. ಮುಂದಿನ ತಿಂಗಳು ಇದಕ್ಕಿಂತ ದೊಡ್ಡ ಪೆಟ್ಟಿಗೆ ತರಿಸುತ್ತೇನೆಂದು ಅವರು ಹೇಳಿದ್ದರು, ಅದರ ಮುಚ್ಚಳ ಬಿಚ್ಚಿ ಒಳಗೆ ನೋಡುವ ಆಸೆ ನನಗಿತ್ತು. ಆ ಪೆಟ್ಟಿಗೆ ತಾವೇ, ಮಹಾಶಯರೇ. ತಮ್ಮ ದರ್ಶನದ ಆಸೆಗೆ ನಾನು ಬಾಯಿ ಮುಚ್ಚಿಕೊಂಡೆ.

ಅಂದಿನಿಂದ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ರೆಕಾರ್ಡಿನ ತಾಳಕ್ಕೆ ಸಾಯುತ್ತ ಬದುಕುತ್ತ ಇದ್ದ ಒಂದೇ ಒಂದು ಬೇಲಿ ಅದಾಗಿತ್ತು. ಮಾದಣ್ಣನಿಗೆ ಇದರಿಂದ ಅನುಕೂಲವೇ ಆಯಿತು. ತಂತಿಯ ಮೇಲೆ ಬಿದ್ದ ಬಾಳೆಯ ಒಣ ಸೋಗೆ ತೆಗೆಯುವುದು, ಸಡಿಲವಾದ ಗೂಟ ಬಡಿಯುವುದು, ಎಲ್ಲವನ್ನೂ ಅವನು ಹಾಡು ಕೇಳಿಸುವ ಹೊತ್ತಿಗೆ ಎತ್ತಿಟ್ಟುಕೊಂಡ. ಒಮ್ಮೆ ನಾನು ಜೋಪಾನ ಎಂದಾಗ ನಕ್ಕು, “ಪದ ಕೇಳ್ತಾ ಅದೆ ಅಂದ್ರೆ ಬೇಲಿ ಸತ್ತದೆ ಕಣ್ ಬುಡು. ಪದ ನಿಂತ್ರೆ ನಾ ದೂರ ಓಯ್ತೀನಿ. ನಿಮ್ ಯಜಮಾನ್ರುಗಿಂತ ನಾನೇ ಚೆಂದಾಗಿ ಪದ ಕೇಳೋನು ಕಣ್ಲಾ” ಎಂದಿದ್ದ. ಆ ಮನೆಯ ಹಾಡನ್ನು ಪ್ರಾಣವಿಟ್ಟು ಕೇಳುತ್ತಿದ್ದವನು ನಿಜಕ್ಕೂ ಅವನೊಬ್ಬನೇ.

ಆದರೆ ಹಾಡು ಕೇಳುವಷ್ಟು ಹೊತ್ತು ಹಂದಿಗಳಿಗೆ ಬಾಗಿಲು ತೆರೆದಿಟ್ಟ ಹಾಗಾಗುತ್ತದೆಂಬ ಸಂಕಟ ಯಜಮಾನರನ್ನು ತಿನ್ನತೊಡಗಿತು. ಬೇಲಿಯೂ ಬದುಕಿರಬೇಕು, ಹಾಡೂ ಶುದ್ಧವಾಗಿರಬೇಕು. ಮೈಸೂರಿನ ಅಂಗಡಿಯವರು, “ಸರ್, ಇದನ್ನ ಹಾಕಿದ್ಮೇಲೆ ಹೊರಗಿನ ಸೊಳ್ಳೆ ಸದ್ದು ಕೂಡ ಒಳಗೆ ಬರಲ್ಲ” ಎಂದು ತಮ್ಮನ್ನು ಕೊಟ್ಟು ಕಳಿಸಿದರು. ಸೊಳ್ಳೆಯ ಮಟ್ಟಿಗೆ ಅವರು ಹೇಳಿದ್ದು ನಿಜ. ಒಂದು ಸೊಳ್ಳೆಯೂ ತಮ್ಮ ಮೂಲಕ ಬಂದದ್ದನ್ನು ನಾನು ಕೇಳಿಲ್ಲ.

ತಮ್ಮ ಪ್ರವೇಶೋತ್ಸವಕ್ಕೆ ನಾಲ್ಕೈದು ಜನ ಬಂದಿದ್ದರು. ಅವರಲ್ಲಿ ಮುಖ್ಯರಾದವರು ನಿವೃತ್ತ ಮುಖ್ಯೋಪಾಧ್ಯಾಯರಾದ ರಾಜಣ್ಣ ಮೇಷ್ಟ್ರು. ಯಜಮಾನರು ಏನನ್ನು ಕೊಂಡರೂ ಅದು ಚೆನ್ನಾಗಿದೆಯೆಂದು ಕಾರಣ ಸಹಿತ ವಿವರಿಸುವ ಹೊಣೆ ಅವರದು. ವಚನ ಗಾಯನದ ರೆಕಾರ್ಡು ಹಾಕಲಾಯಿತು. ಸ್ವಿಚ್ಚು ಆಫಾಗಿತ್ತು, ಕಿಟಕಿಗಳು ತೆರೆದಿದ್ದವು. ತಾವು ಹಾಡಿದ ಬಗೆಗೆ ಈಗಲೂ ನನ್ನ ತಕರಾರಿಲ್ಲ, ಗಾಯಕರು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ಯಜಮಾನರಿಗೆ ತಮ್ಮ ಪ್ರತಾಪವನ್ನು ತೋರಿಸುವ ಹುಮ್ಮಸ್ಸು ಬಂತು. “ಈಗ್ ಕೇಳಿ ಮೇಷ್ಟ್ರೆ, ಹಳೇದ್ರಲ್ಲಿ ಈ ಒತ್ಗೆ ಗುಂಯ್ ಅಂತಿತ್ತು. ಇದ್ರಲ್ಲಿ ಏನಾರ ಬತ್ತದಾ ನೋಡಿ” ಎಂದವರೇ, ಹಾಡನ್ನು ನಿಲ್ಲಿಸದೆಯೇ, ಸೋಫಾದ ಪಕ್ಕದ ಬಿಳಿ ಸ್ವಿಚ್ಚನ್ನು ಒತ್ತಿದರು.

ತಾವು ಗುಂಯ್ ಎಂದಿರಿ. ಹಿಂದಿನ ಇಬ್ಬರೂ ನಾಚುವಷ್ಟು ತುಂಬಿದ ಕಂಠದಲ್ಲಿ ಎಂದಿರಿ. ಯಜಮಾನರ ಮುಖ ಬಾಡುವಷ್ಟರಲ್ಲಿ ರಾಜಣ್ಣ ಮೇಷ್ಟ್ರು ತಲೆದೂಗಿ, “ಆಹಾ, ಬಾಸು ಬಂತು ನೋಡಿ! ತಂಬೂರಿ ನೆಲದೊಳಗಿಂದ ಎದ್ದು ಬಂದಂಗದೆ ಕಣ್ರಿ” ಎಂದರು. ಉಳಿದವರಿಗೂ ಕೂಡಲೇ ಬಾಸು, ಅಂದರೆ ತಗ್ಗಿನ ತುಂಬು ನಾದ, ಕೇಳಿಸಿತು. ಒಬ್ಬರು ಕಣ್ಣು ಮುಚ್ಚಿಕೊಂಡರು. ಅದೇ ಹೊತ್ತಿಗೆ ಆ ಗುಂಯ್ ಒಂದು ಸಲ ಕುಗ್ಗಿತು, ಗೊರಗೊರ ಎಂದಿತು, ಮತ್ತೆ ಕುಗ್ಗಿತು. ಗೂಟವೋ ಸೋಗೆಯೋ ತಗುಲಿದರೆ ಆ ಸದ್ದು ಬರುವುದಿಲ್ಲ. ನಾನು ಟೀಪಾಯಿ ಹಾರಿ ಹೋಗಿ ಸ್ವಿಚ್ಚು ಆರಿಸಿ, ತೋಟಕ್ಕೆ ಓಡಿದೆ.

ಹಾಡು ಕೇಳುತ್ತಿದ್ದುದರಿಂದ ಮಾದಣ್ಣ ತಂತಿಯ ಮೇಲಿನ ಸೋಗೆ ತೆಗೆಯಲು ಕೈ ಹಾಕಿದ್ದ. ಅವನು ಬದುಕಿದ್ದಾನೆ. ಬಲಗೈಯ ಎರಡು ಬೆರಳನ್ನು ಡಾಕ್ಟರು ತೆಗೆದರು, ಉಳಿದ ಮೂರು ಮಡಿಸಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಯಜಮಾನರು, “ಒದ್ದೆ ಕೈಲಿ ಪಂಪಿನ ಸ್ಟಾರ್ಟರ್ ಡಬ್ಬ ಮುಟ್ಬುಟ್ಟ” ಎಂದು ಬರೆಸಿದರು. ಅವರು ಬರುವವರೆಗೆ ಮನೆಯಲ್ಲೇ ಕಾದಿದ್ದ ರಾಜಣ್ಣ ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ, ಆ ಬಾಸು ಯಾಕೆ ತಟ್ಟನೆ ನಿಂತುಹೋಯಿತು ಎಂದು.

ಈಗ ನನ್ನ ವಿನಂತಿಗಳಿಗೆ ಬರುತ್ತೇನೆ. ತಮ್ಮ ಹಿಂಭಾಗದಲ್ಲಿ ಆರು ಸಣ್ಣ ಗುಂಡಿಗಳಿವೆ, ಒಂದು ಸದ್ದನ್ನು ಏರಿಸಲು, ಒಂದು ಮುಳ್ಳಿನ ಜಾತಿಗೆ ತಕ್ಕಂತೆ ಹೊಂದಿಸಲು, ಹೀಗೆ. ಅವುಗಳ ಜೊತೆ ಏಳನೆಯದೊಂದನ್ನು ತಾವು ಬೆಳೆಸಿಕೊಳ್ಳಬೇಕೆಂದು ಪ್ರಾರ್ಥನೆ. ಅದನ್ನು ತಿರುಗಿಸಿದರೆ ಹಾಡು ಕೇಳಬೇಕು, ಹಾಡಿಗೋಸ್ಕರ ಯಾರ ಕೈ ಎಲ್ಲಿತ್ತೆಂಬುದು ಕೇಳಬಾರದು. ಅದು ಆಗದಿದ್ದರೆ ಮೇಷ್ಟ್ರ ಬಳಿ ಆರು ತಿಂಗಳು ಪಾಠ ಹೇಳಿಸಿಕೊಂಡು, ಇರುವುದನ್ನು ಇಲ್ಲವೆನ್ನುವ, ಇಲ್ಲವೆನ್ನಲಾಗದ್ದನ್ನು ಸೊಗಸು ಎನ್ನುವ ವಿದ್ಯೆಯನ್ನಾದರೂ ಕಲಿಯಬೇಕು. ಲೋಕ ನಡೆದುಕೊಳ್ಳುವ ರೀತಿ ತಿಳಿಯದೆ ಕೇಳಿದ್ದನ್ನೆಲ್ಲ ಇದ್ದ ಹಾಗೆ ಹೇಳುವವರನ್ನು ಯಾವ ಯಜಮಾನರು ಇಟ್ಟುಕೊಳ್ಳುತ್ತಾರೆ? ತಮ್ಮನ್ನು ಎಂಟೇ ದಿನಕ್ಕೆ ಇಳಿಸಿದರು. ನಾಲ್ಕನೆಯವರಿಗೆ ಆರ್ಡರು ಹೋಗಿದೆ.

ಇಳಿಸಿದ ತಮ್ಮನ್ನು ಅವರು ನನ್ನ ಮನೆಗೆ ಕಳಿಸಿದರು. “ನೀನೇ ಮಡಿಕೊ ಲಿಂಗ, ನಿಂಗ್ ಇಷ್ಟ ಅಲ್ವಾ? ಬಾಯ್ ಮಾತ್ರ ಬುಡ್ಬ್ಯಾಡ” ಎಂದು ಫೋನು ಮಾಡಿದರು. ನಾಲ್ಕು ತಿಂಗಳ ಆಸೆ ಕೈಗೆ ಬಂತು. ತಮ್ಮ ಮುಚ್ಚಳ ಬಿಚ್ಚಿ ನೋಡಿದೆ. ಬೆರಳುಗುರಿನಷ್ಟು ನಾಲ್ಕು ಐಸಿ, ಒಂದೆರಡು ಸಾಲು ರೆಸಿಸ್ಟರು, ನನ್ನ ಅಂಗಡಿಯ ಡ್ರಾಯರಿನಲ್ಲಿರುವಂಥವೇ ಕೆಪಾಸಿಟರುಗಳು, ಮಿಕ್ಕಿದ್ದೆಲ್ಲ ಖಾಲಿ ಜಾಗ. ಇದನ್ನು ನೋಡಲು ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂಬುದಕ್ಕಿಂತ ಹೆಚ್ಚಾಗಿ ನನ್ನನ್ನು ಯಾರೂ ಬೈಯಬೇಕಾಗಿಲ್ಲ.

ಮಾದಣ್ಣನ ಹೆಂಡತಿ ಗುರುಮಲ್ಲಮ್ಮನವರಲ್ಲಿಗೆ ಹೋಗಿ ಸ್ವಿಚ್ಚಿನ ವಿಷಯ ಹೇಳಿದೆ. ಅವರು, “ನೀನಾ ಮಗ ಅದ್ನ ಹಾಕ್ದೋನು?” ಎಂದರು. ಹೌದೆಂದೆ. “ನನ್ ಮುಂದೆ ಯೋಳುದ್ರೆ ಏನ್ ಬಂತು, ಬೆರಳು ಬಂದದಾ? ಯೋಳೋ ಕಡೆ ಓಗಿ ಯೋಳು. ನನ್ ಗಂಡ ಯಜಮಾನ್ರು ನೆಲದಲ್ಲಿರೋ ಮನೇಲಿ ಕುಂತೋರು, ಬಾಯ್ ಬುಡಕಿಲ್ಲ. ನಾ ಬತ್ತೀನಿ ನಡಿ” ಎಂದರು. ಅಲ್ಲಿಂದ ಬರುವಾಗ ದಾರಿಯಲ್ಲಿ ಆ ತೋಟದ ಕಡೆ ನೋಡಿದೆ. ಬಿಳಿ ಸ್ವಿಚ್ಚಿನ ವೈರು ಕಿತ್ತು, ಮತ್ತೆ ಕೊಟ್ಟಿಗೆಯ ಹೋಲ್ಡರಿನಿಂದಲೇ ಬೇಲಿಗೆ ಕೊಟ್ಟಿದ್ದಾರೆ. ಮಾದಣ್ಣನ ಜಾಗಕ್ಕೆ ಮಲ್ಲೇಶನೆಂಬ ಹೊಸ ಆಳು ಬಂದಿದ್ದಾನೆ. ತಂತಿಯ ಪಕ್ಕದ ಹುಲ್ಲು ಸವರುತ್ತಿದ್ದವನನ್ನು ಕೂಗಿ ದೂರ ಕರೆದು ಎಲ್ಲವನ್ನೂ ಹೇಳಿದೆ. “ಯಜಮಾನ್ರು ಸೋಲಾರ್ ಅಂದ್ರಲ್ಲ ಅಣ್ಣಾ?” ಎಂದ.

ಅದಕ್ಕೇ ಈ ಪತ್ರ. ಬೇಲಿಗೆ ಲೈನು ಕೊಟ್ಟವರ ಹೆಸರು, ಅದಕ್ಕೆ ಸ್ವಿಚ್ಚು ಹಾಕಿದವನ ಹೆಸರು, ಎರಡನ್ನೂ ಬರೆದು ಕೆಳಗೆ ನನ್ನ ಸಹಿ ಹಾಕಿದ್ದೇನೆ. ಮೊದಲು ಯಾರ ಮೇಲೆ ಕೇಸು ಹಾಕುತ್ತಾರೋ ಗೊತ್ತಿಲ್ಲ. ನನ್ನ ಮೇಲೆ ಹಾಕುವುದು ಸುಲಭ ಎಂಬುದು ಮಾತ್ರ ಗೊತ್ತು.

ಇಂತು, ಈ ಊರಿನಲ್ಲಿ ಸುಳ್ಳು ಹೇಳಲು ಬಾರದ ಏಕೈಕ ಪೆಟ್ಟಿಗೆಯಾದ ತಮ್ಮ ವಿಶ್ವಾಸಿ,
ಮಹಾಲಿಂಗ
ಮೈಕ್‌ಸೆಟ್ಟು ರಿಪೇರಿ, ಗುಂಡ್ಲುಪೇಟೆ

ಮರೆತ ಮಾತು: ತಾವು ನನ್ನ ಸ್ವತ್ತೆಂದು ಯಜಮಾನರು ತಿಳಿದಿದ್ದರೆ ದಯವಿಟ್ಟು ತಿದ್ದಿಕೊಳ್ಳಲಿ, ಬಾಯಿ ಮುಚ್ಚಿಸಲು ಕೊಟ್ಟ ವಸ್ತುವೆಂದು ಚೀಟಿ ಅಂಟಿಸಿ ದೂರಿನ ಜೊತೆಗೇ ಕೊಡುತ್ತಿದ್ದೇನೆ, ವೆಲ್ವೆಟ್ ಚೀಲ ಬೇಕಾದರೆ ಅವರು ವಾಪಸು ತರಿಸಿಕೊಳ್ಳಬಹುದು, ನಾಲ್ಕನೆಯವರಿಗೆ ಆದೀತು. ರಿಪೇರಿಗೆ ಬಂದಿದ್ದ ಮಿಕ್ಸಿಗಳನ್ನು ಇವತ್ತು ಸಂಜೆ ಅವರವರ ಮನೆಗೆ ಮುಟ್ಟಿಸಿದ್ದೇನೆ. ನಾಳೆ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಗುರುಮಲ್ಲಮ್ಮನವರೂ ನಾನೂ ದೂರು ಕೊಡಲು ಚಾಮರಾಜನಗರದ ಜಿಲ್ಲಾ ಪೊಲೀಸ್ ಕಚೇರಿಗೆ ಹೊರಡುತ್ತೇವೆ.